ಸೃಷ್ಟಿಯ ಪಾಲನೆಗೆ ಕೂಡಿ ನಿಂತ ಧರ್ಮಕೇಂದ್ರ

ಮನೆಯಲ್ಲಿ ಓದಲು: ಆದಿಕಾಂಡ 2:4-15, ಮಾರ್ಕ 6:34-44, ಯೊವಾನ್ನ 6:1-13



ಪಾಪನಿವೇದನೆಗೆ ಹೋಗುವ ಮುಂಚೆ ನಾವು ಆತ್ಮಪರಿಶೋಧನೆ ಮಾಡಿಕೊಳ್ಳುತ್ತೇವೆ. ಸುಳ್ಳು ಹೇಳಿದ್ದು, ಕೋಪಿಸಿಕೊಂಡದ್ದು, ಭಾನುವಾರದ ಬಲಿಪೂಜೆ ತಪ್ಪಿಸಿದ್ದು, ನೆರೆಮನೆಯವರ ಬಗ್ಗೆ ಇಲ್ಲಸಲ್ಲದ ಮಾತಾಡಿದ್ದು ನೆನಪಿಗೆ ಬರುತ್ತವೆ. ಆದರೆ ಕಸದ ಚೀಲವನ್ನು ಕತ್ತಲಲ್ಲಿ ಮೋರಿಗೆ ಎಸೆದದ್ದು ನೆನಪಿಗೆ ಬರುತ್ತದೆಯೇ? ಟ್ಯಾಂಕು ತುಂಬಿ ನೀರು ಹರಿದುಹೋಗುತ್ತಿದ್ದರೂ ಮೋಟಾರು ನಿಲ್ಲಿಸಲು ಏಳದೆ ಕುಳಿತದ್ದು? ಮದುವೆಯ ಊಟದಲ್ಲಿ ಬಡಿಸಿಕೊಂಡ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದದ್ದು? ಇಂಥವು ದೇವರಿಗೆ ಸಂಬಂಧಿಸಿದ ವಿಷಯಗಳೆಂದು ನಮ್ಮಲ್ಲಿ ಹೆಚ್ಚಿನವರಿಗೆ ಅನ್ನಿಸುವುದೇ ಇಲ್ಲ.

ಆದರೆ ಕಾಲ ನಮ್ಮನ್ನು ಎಚ್ಚರಿಸುತ್ತಿದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆ ತೋಟಗಳನ್ನು ಹೂತುಹಾಕಿದವು. 2023ರಲ್ಲಿ ಮಳೆ ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ಕೊಡ ಹಿಡಿದು ಟ್ಯಾಂಕರಿಗಾಗಿ ಕಾದರು. ಅದೇ ವರ್ಷ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಹಳ್ಳಿಗಳು ಮಣ್ಣಿನಡಿ ಸೇರಿದವು. ಒಂದೆಡೆ ಬರ, ಇನ್ನೊಂದೆಡೆ ನೆರೆ. ಇದೇನು ವಿಚಿತ್ರ ಎಂದು ನಾವು ಕೇಳುತ್ತೇವೆ.

ಕಾರಣ ಗುಟ್ಟಿನದಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ವಾತಾವರಣದಲ್ಲಿ ಸೇರಿಕೊಂಡು, ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯ ಸರಾಸರಿ ತಾಪ ಯಂತ್ರಯುಗಕ್ಕೆ ಮುಂಚೆ ಇದ್ದುದಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಬೆಚ್ಚಗಾದ ಗಾಳಿ ಪ್ರತಿಯೊಂದು ಡಿಗ್ರಿಗೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದ್ದರಿಂದ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಬಾರದಿದ್ದರೆ ನೆಲ ಬೇಗ ಒಣಗುತ್ತದೆ. ಸುರಿದ ಮಳೆಯನ್ನು ಹಿಡಿದಿಡಬೇಕಾದ ಕಾಡು, ಕೆರೆ, ಗದ್ದೆಗಳನ್ನು ಕಳೆದುಕೊಂಡ ಊರು ಎರಡು ಏಟನ್ನೂ ತಿನ್ನುತ್ತದೆ.

ಇಷ್ಟು ದೊಡ್ಡ ಕಷ್ಟಕ್ಕೆ ನಮ್ಮಂಥ ಸಾಮಾನ್ಯ ಭಕ್ತಾದಿಗಳು ಏನು ಮಾಡಲು ಸಾಧ್ಯ? ಈ ಪ್ರಶ್ನೆಗೆ ಪುಸ್ತಕದ ಉತ್ತರಕ್ಕಿಂತ ಒಂದು ಧರ್ಮಕೇಂದ್ರ ತನ್ನ ಬದುಕಿನಿಂದ ಕೊಟ್ಟ ಉತ್ತರವನ್ನು ನೋಡೋಣ.

ಲಾರಿಗಳ ಮುಂದೆ ನಿಂತ ರೈತರು

ಫಿಲಿಪ್ಪೀನ್ಸ್ ದೇಶದ ದಕ್ಷಿಣದಲ್ಲಿ ಮಿಂಡನಾವ್ ಎಂಬ ದೊಡ್ಡ ದ್ವೀಪವಿದೆ. ಅಲ್ಲಿನ ಬುಕಿಡ್ನೊನ್ ಪ್ರಾಂತ್ಯದಲ್ಲಿ ಸಾನ್ ಫೆರ್ನಾಂಡೊ ಎಂಬ ಊರು. ಜನ ಬಡ ರೈತರು. ಭತ್ತ, ಮೆಕ್ಕೆಜೋಳ ಬೆಳೆದು ಬದುಕುವವರು. ಧರ್ಮಕೇಂದ್ರದಲ್ಲಿ ಕಿರು ಕ್ರೈಸ್ತ ಸಮುದಾಯಗಳು ಇದ್ದವು. ನೆರೆಹೊರೆಯವರು ಒಂದೆಡೆ ಕೂಡಿ, ಶುಭಸಂದೇಶ ಓದಿ, ಅದರ ಬೆಳಕಿನಲ್ಲಿ ತಮ್ಮ ಬದುಕನ್ನು ನೋಡುವ ಅಭ್ಯಾಸ ಅವರದು.

ಹಾಗೆ ನೋಡುವಾಗ ಅವರಿಗೆ ಕಂಡದ್ದೇನು? ಬೆಟ್ಟದ ಕಾಡನ್ನು ಮರದ ವ್ಯಾಪಾರಕ್ಕಾಗಿ ಕಡಿಯಲಾಗುತ್ತಿತ್ತು. ಕಾಡಿನ ನೆಲ ಸ್ಪಂಜಿನಂತೆ. ಮಳೆಯನ್ನು ಹೀರಿ ಬೇಸಿಗೆಯುದ್ದಕ್ಕೂ ಹನಿಹನಿಯಾಗಿ ಹೊಳೆಗೆ ಬಿಡುತ್ತದೆ. ಕಾಡು ಹೋದ ಮೇಲೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಒಣ ಹೊಳೆ. ಕೊಚ್ಚಿ ಬಂದ ಮಣ್ಣು ಕಾಲುವೆಗಳಲ್ಲಿ ಹೂಳಾಗಿ ಕೂತಿತು. ಮರ ಮಾರಿದ ಹಣ ಬೇರೆಯವರ ಪಾಲಿಗೆ ಹೋಯಿತು. ಒಣಗಿದ ಗದ್ದೆ ರೈತರ ಪಾಲಿಗೆ ಉಳಿಯಿತು.

1987ರಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದರು. ಗಂಡಸರು, ಹೆಂಗಸರು ಕೂಡಿ ರಸ್ತೆಗೆ ಬಂದು, ದಿಮ್ಮಿ ತುಂಬಿದ ಲಾರಿಗಳ ಮುಂದೆ ನಿಂತರು. ಕೈಯಲ್ಲಿ ಆಯುಧವಿರಲಿಲ್ಲ. ಗುರುಗಳೂ ಅವರ ಬೆನ್ನಿಗಿದ್ದರು. ಒಂದೇ ಸಲಕ್ಕೆ ಜಯ ಸಿಗಲಿಲ್ಲ. 1988ರಲ್ಲಿ ಮತ್ತೆ ತಡೆದರು. 1989ರಲ್ಲಿ ಅವರ ಪ್ರತಿನಿಧಿಗಳು ರಾಜಧಾನಿ ಮನಿಲಾಕ್ಕೆ ಹೋಗಿ, ಅರಣ್ಯ ಇಲಾಖೆಯ ಕಚೇರಿಯೆದುರು ಉಪವಾಸ ಕುಳಿತರು. ಕೊನೆಗೆ ಸರ್ಕಾರ ಬುಕಿಡ್ನೊನ್ ಪ್ರಾಂತ್ಯದಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು.

ಕಾಗದದ ಮೇಲಿನ ನಿಷೇಧ ಕಾಡಿನೊಳಗೆ ನಡೆಯಬೇಕಲ್ಲವೇ? ಕಳ್ಳತನದಿಂದ ಮರ ಸಾಗಿಸುವವರು ಇದ್ದೇ ಇದ್ದರು. ಆಗ ಮಲೈಬಲೈ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾಗಿದ್ದ ಪೂಜ್ಯ ಗೌದೆನ್ಸಿಯೊ ರೊಸಾಲೆಸ್ ಅವರ ಮುಂದಾಳತ್ವದಲ್ಲಿ, ಕೆಲವು ಗುರುಗಳೂ ಶ್ರೀಸಾಮಾನ್ಯರೂ ಸರ್ಕಾರದಿಂದ ಅಧಿಕಾರ ಪಡೆದು ಅರಣ್ಯ ರಕ್ಷಕರಾದರು. ಅವರಲ್ಲೊಬ್ಬರು ಯುವ ಗುರು ನೆರಿಲಿಟೊ ಸಾಟುರ್. 1991ರ ಅಕ್ಟೋಬರ್ 14ರಂದು ಹಳ್ಳಿಯೊಂದರಲ್ಲಿ ಬಲಿಪೂಜೆ ಅರ್ಪಿಸಿ ಮೋಟಾರ್ ಬೈಕಿನಲ್ಲಿ ಹಿಂತಿರುಗುತ್ತಿದ್ದಾಗ, ಹೊಂಚುಹಾಕಿದ್ದವರು ಅವರನ್ನು ಗುಂಡಿಟ್ಟು ಕೊಂದರು. ಪೀಠದ ಮೇಲೆ ಅರ್ಪಿಸಿದ ಬಲಿ, ದಾರಿಯಲ್ಲಿ ಅವರ ಸ್ವಂತ ರಕ್ತದೊಂದಿಗೆ ಒಂದಾಯಿತು.

ಹಳ್ಳಿಯಿಂದ ರೋಮಿನವರೆಗೆ

ಈ ಘಟನೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಧರ್ಮಸಭೆಯ ಬೋಧನೆ ಎಂದರೆ ಮೇಲಿನಿಂದ ಕೆಳಗೆ ಇಳಿದು ಬರುವುದು ಮಾತ್ರ ಎಂದು ನಾವು ಭಾವಿಸುತ್ತೇವೆ. ಇಲ್ಲಿ ನಡೆದದ್ದೇನು ನೋಡಿ. ರೈತರು ಲಾರಿ ತಡೆದದ್ದು 1987ರಲ್ಲಿ. 1988ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರು, ತಮ್ಮ ಸುಂದರ ನಾಡಿಗೆ ಒದಗಿದ ದುರ್ಗತಿಯ ಬಗ್ಗೆ ಒಂದು ಪಾಲನಾಪತ್ರವನ್ನು ಬರೆದರು. ಕಾಡಿಗಾಗಿ ಮೈಯೊಡ್ಡಿ ನಿಂತ ಸಾನ್ ಫೆರ್ನಾಂಡೊ ಜನರನ್ನು ಅದರಲ್ಲಿ ಹೆಸರಿಸಿ ಮೆಚ್ಚಿದರು. ಎರಡು ವರ್ಷಗಳ ನಂತರ, 1990ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಸೃಷ್ಟಿಯ ರಕ್ಷಣೆಗೆ ಮೀಸಲಿಟ್ಟರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರ ಅದೇ 1988ರ ಪತ್ರದಿಂದ ಮಾತುಗಳನ್ನು ಎತ್ತಿಕೊಂಡರು.

ಹೀಗೆ ಗದ್ದೆಯ ಬದುವಿನಲ್ಲಿ ಶುಭಸಂದೇಶ ಓದಿದ ಬಡವರ ಕಾಳಜಿ ಧರ್ಮಾಧ್ಯಕ್ಷರ ಪತ್ರವಾಯಿತು. ಇಪ್ಪತ್ತೇಳು ವರ್ಷಗಳ ಬಳಿಕ ಆ ಪತ್ರದ ಮಾತು ಇಡೀ ಧರ್ಮಸಭೆಗೆ ಬೋಧನೆಯಾಯಿತು. ಮೇಲಿನಿಂದ ಸುತ್ತೋಲೆ ಬರಲಿ, ಆಮೇಲೆ ನೋಡೋಣ ಎಂದು ಅವರು ಕಾಯುತ್ತಾ ಕುಳಿತಿದ್ದರೆ?

ಆ ವಿಶ್ವಪತ್ರದಲ್ಲಿ ಜಗದ್ಗುರುಗಳು ನಮಗೆ ತಿಳಿಸುವ ಒಂದು ಮುಖ್ಯ ಪಾಠವಿದೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಒಳ್ಳೆಯವರಾಗಿ ಬದುಕುವುದು ಅಗತ್ಯ. ಆದರೆ ಸಮಾಜದ ಕಷ್ಟಕ್ಕೆ ಬಿಡಿಬಿಡಿ ಒಳಿತುಗಳನ್ನು ಕೂಡಿಸಿದರೆ ಸಾಲದು. ಜನ ಸಮುದಾಯವಾಗಿ ಮನಪರಿವರ್ತನೆ ಹೊಂದಬೇಕು. ಸಾನ್ ಫೆರ್ನಾಂಡೊದ ಪ್ರತಿಯೊಬ್ಬ ರೈತನೂ ತನ್ನ ಹಿತ್ತಲಲ್ಲಿ ಒಂದೊಂದು ಗಿಡ ನೆಟ್ಟು ಸುಮ್ಮನಾಗಿದ್ದರೆ ಬೆಟ್ಟದ ಕಾಡು ಉಳಿಯುತ್ತಿರಲಿಲ್ಲ. ಒಬ್ಬನೇ ಲಾರಿಯ ಮುಂದೆ ನಿಂತಿದ್ದರೆ ಲಾರಿ ನಿಲ್ಲುತ್ತಿರಲಿಲ್ಲ.

ನಮ್ಮ ನಾಡಿನಲ್ಲೂ ಇದಕ್ಕೆ ಸಾಕ್ಷಿ ಇದೆ. 1983ರ ಸೆಪ್ಟೆಂಬರ್ 8ರಂದು, ನಾವು ಮಾತೆ ಮರಿಯಮ್ಮನವರ ಜನನದ ಹಬ್ಬ ಆಚರಿಸುವ ದಿನವೇ, ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಯುವಕರು, ಮಹಿಳೆಯರು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಮರ ಕಡಿಯುವ ಕೆಲಸ ನಿಂತಿತು. ಅದೇ ಅಪ್ಪಿಕೊ ಚಳವಳಿ. ಉಳಿಸು, ಬೆಳೆಸು, ಬಳಸು ಎಂಬುದು ಅದರ ಮಂತ್ರವಾಯಿತು. ಅವರು ನಮ್ಮ ಧರ್ಮದವರಲ್ಲದಿರಬಹುದು. ಆದರೆ ಕಾಡು ಉಳಿದರೆ ಹೊಳೆ ಎಲ್ಲರಿಗೂ ಹರಿಯುತ್ತದೆ. ಈ ಸೇವೆಯಲ್ಲಿ ನಾವು ಇತರ ಧರ್ಮಗಳ ಸಹೋದರ ಸಹೋದರಿಯರ ಜೊತೆ ಹೆಗಲು ಕೊಡಲೇಬೇಕು, ಅವರಿಂದ ಕಲಿಯಲೂಬೇಕು.

ಐದು ರೊಟ್ಟಿಗಳ ಪಾಠ

ಈಗ ಶುಭಸಂದೇಶಕ್ಕೆ ಬರೋಣ. ಪ್ರಭು ಯೇಸು ಐದು ಸಾವಿರ ಮಂದಿಗೆ ಉಣಬಡಿಸಿದ ಅದ್ಭುತ ನಮಗೆಲ್ಲ ಗೊತ್ತು. ಅದರಲ್ಲಿ ನಾವು ಸಾಮಾನ್ಯವಾಗಿ ದಾಟಿ ಹೋಗುವ ಮೂರು ಸಂಗತಿಗಳಿವೆ.

ಮೊದಲನೆಯದು, ಅಲ್ಲಿದ್ದ ಆಹಾರ ಒಬ್ಬ ಹುಡುಗನ ಬುತ್ತಿ. ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಇಷ್ಟು ಜನಕ್ಕೆ ಇದು ಎಲ್ಲಿಗೆ ಸಾಕು ಎಂದು ಪ್ರೇಷಿತ ಅಂದ್ರೆಯನೇ ಸಂಶಯಪಟ್ಟ. ಪ್ರಭು ಸಂಶಯಪಡಲಿಲ್ಲ.

ಎರಡನೆಯದು, ಸಂತ ಮಾರ್ಕನು ತಿಳಿಸುವಂತೆ, ಪ್ರಭು ಜನರನ್ನು ಪಂಕ್ತಿ ಪಂಕ್ತಿಯಾಗಿ, ನೂರು ಐವತ್ತರ ಗುಂಪುಗಳಾಗಿ ಕೂರಿಸಿದರು. ನೂಕುನುಗ್ಗಲಿನ ಜಾತ್ರೆ ಸಮುದಾಯವಾಯಿತು. ಆಮೇಲೆ ರೊಟ್ಟಿ ಹಂಚಿಕೆಯಾಯಿತು.

ಮೂರನೆಯದು, ಎಲ್ಲರೂ ತೃಪ್ತರಾಗಿ ಉಂಡ ಮೇಲೆ, ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಿರೆಂದು ಪ್ರಭು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು. ಕಣ್ಣೆದುರೇ ರೊಟ್ಟಿಯನ್ನು ಹೆಚ್ಚಿಸಿದ ದೇವಪುತ್ರನಿಗೆ ಚೂರುಗಳ ಚಿಂತೆ ಏಕೆ? ಸಮೃದ್ಧಿ ಇದೆ ಎಂಬುದು ಹಾಳುಮಾಡಲು ಅನುಮತಿಯಲ್ಲ ಎಂದು ಕಲಿಸುವುದಕ್ಕೆ. ಪರಮಪ್ರಸಾದದ ಒಂದು ಕಣವೂ ಕೆಳಗೆ ಬೀಳದಂತೆ ಎಚ್ಚರ ವಹಿಸುವ ನಾವು, ದೇವಾಲಯದ ಅಂಗಳದಲ್ಲಿ ಹಬ್ಬದ ಊಟ ಮುಗಿದ ಮೇಲೆ ಏನು ಬಿಟ್ಟು ಹೋಗುತ್ತೇವೆ ಎಂದು ಒಮ್ಮೆ ತಿರುಗಿ ನೋಡಬೇಡವೇ?

ಆದಿಕಾಂಡದ ಎರಡನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದರಲ್ಲಿ ದುಡಿಯುವುದಕ್ಕೆ, ಅದನ್ನು ಕಾಯುವುದಕ್ಕೆ. ನಾವು ತೋಟದ ಕಾವಲುಗಾರರು. ಕಾವಲುಗಾರನೇ ಬೇಲಿ ಕಿತ್ತು ಮಾರಿಕೊಂಡರೆ ಯಜಮಾನ ಬಂದಾಗ ಏನು ಉತ್ತರ ಕೊಟ್ಟಾನು?

ನಾವು ಚಿಕ್ಕವರು ಎಂಬ ನೆಪ

ಕಾರ್ಖಾನೆಗಳು ಹೊಗೆ ಉಗುಳುತ್ತಿರುವಾಗ, ಶ್ರೀಮಂತ ದೇಶಗಳು ಮೋಜು ಮಾಡುತ್ತಿರುವಾಗ, ನಾನು ಬಟ್ಟೆ ಚೀಲ ಹಿಡಿದು ಅಂಗಡಿಗೆ ಹೋದರೆ ಏನು ಬದಲಾದೀತು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಒಂದು ಧರ್ಮಕೇಂದ್ರ ಭೂಮಿಯ ತಾಪವನ್ನು ಇಳಿಸಲಾರದು. ಹೆಚ್ಚು ಉರಿಸಿದವರ ಮೇಲೆ ಹೆಚ್ಚಿನ ಹೊಣೆ ಇದೆ ಎಂಬುದೂ ಧರ್ಮಸಭೆಯ ಬೋಧನೆಯೇ. ಒಂದೇ ಕೊಡದಲ್ಲಿ ದಿನ ದೂಡುವ ಬಡ ತಾಯಿಗೆ ನೀರು ಉಳಿಸಮ್ಮ ಎಂದು ಉಪದೇಶ ಮಾಡುವುದು ಅನ್ಯಾಯ. ಅವಳು ಆಗಲೇ ಮಿತವಾಗಿ ಬದುಕುತ್ತಿದ್ದಾಳೆ.

ಆದರೆ ಚಿಕ್ಕದನ್ನು ಕೂಡಿ ಮಾಡಿದಾಗ ಮೂರು ಫಲಗಳು ಕೈಗೆ ಸಿಗುತ್ತವೆ. ನಮ್ಮ ಊರಿನ ಬಾವಿ, ನಮ್ಮ ಊರಿನ ನೆರಳು ಉಳಿಯುತ್ತದೆ. ಬರಲಿರುವ ಬಿಸಿಲನ್ನೂ ಬಿರುಮಳೆಯನ್ನೂ ಊರು ತಾಳಿಕೊಳ್ಳುತ್ತದೆ. ಮಕ್ಕಳು ನಮ್ಮನ್ನು ನೋಡಿ ಕಲಿಯುತ್ತಾರೆ. ಸರ್ಕಾರದ ಮುಂದೆ, ಕಾರ್ಖಾನೆಯ ಮುಂದೆ ನಾವು ಬಾಯಿ ತೆರೆದಾಗ, ಮೊದಲು ನಿಮ್ಮ ಅಂಗಳ ನೋಡಿಕೊಳ್ಳಿ ಎಂದು ಯಾರೂ ಹೇಳಲಾರರು.

ನಗರದವರು ಇನ್ನೊಂದು ಮಾತನ್ನೂ ನೆನಪಿಡಬೇಕು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕ ಸುರಿಯಲಾಯಿತು. ಜನ ದುರ್ವಾಸನೆ, ನೊಣ, ಕೆಟ್ಟ ನೀರು ಎಲ್ಲವನ್ನೂ ಸಹಿಸಿ, ಕೊನೆಗೆ ಬೀದಿಗಿಳಿದು ಹೋರಾಡಿದರು. ಮಂಡೂರಿಗೆ ಕಸ ಹೋಗುವುದು ನಿಂತದ್ದು 2014ರ ಕೊನೆಯಲ್ಲಿ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ: ನನ್ನ ಕಸ ಹೋಗಿ ಬೀಳುವ ಊರಿನವನು.

ನೋಡು, ವಿವೇಚಿಸು, ಕಾರ್ಯಕ್ಕಿಳಿ

ಯುವ ವಿದ್ಯಾರ್ಥಿ ಸಂಘಟನೆಗಳಲ್ಲಿ ಬೆಳೆದವರಿಗೆ ಬೆಲ್ಜಿಯಂ ದೇಶದ ಕಾರ್ಡಿನಲ್ ಜೋಸೆಫ್ ಕಾರ್ಡೈನ್‌ರವರು ಕಲಿಸಿದ ಈ ಮೂರು ಹೆಜ್ಜೆಗಳು ಪರಿಚಿತ. ನಿಮ್ಮ ವಲಯದ ಕಿರು ಕ್ರೈಸ್ತ ಸಮುದಾಯದಲ್ಲಿ ಇವನ್ನು ಹೀಗೆ ಕೈಗೊಳ್ಳಬಹುದು.

ನೀರು: ಒಂದು ಸಾವಿರ ಚದರ ಅಡಿ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ದೇವಾಲಯದ ಚಾವಣಿ ಐದು ಸಾವಿರ ಚದರ ಅಡಿ ಇದ್ದರೆ ಅದರ ಮೇಲೆ ಸುಮಾರು 3 ಲಕ್ಷ 70 ಸಾವಿರ ಲೀಟರ್ ಬೀಳುತ್ತದೆ. ಸೋರಿ ಆವಿಯಾಗಿ ಹೋದದ್ದನ್ನು ಕಳೆದರೂ ಸುಮಾರು ಮೂರು ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಕೊಳವೆ ಜೋಡಿಸಿ, ಮರಳು ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೋ ಇಂಗುಗುಂಡಿಗೋ ಬಿಟ್ಟರೆ ಅಕ್ಕಪಕ್ಕದ ಎಲ್ಲರ ಬಾವಿಗೂ ಉಪಕಾರ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಮರೆಯಬಾರದು.

ಹಬ್ಬ: ಧರ್ಮಕೇಂದ್ರದ ಹಬ್ಬ, ಪ್ರಥಮ ಪರಮಪ್ರಸಾದ, ಮದುವೆ, ಉತ್ತರಕ್ರಿಯೆಯ ಊಟ ಇವಕ್ಕೆಲ್ಲ ಬಳಸಿ ಬಿಸಾಡುವ ತಟ್ಟೆ ಲೋಟ ಏಕೆ? ಒಂದೊಂದು ಕುಟುಂಬ ಐದೈದು ಸ್ಟೀಲ್ ತಟ್ಟೆ, ಲೋಟ ಕೊಟ್ಟರೆ ನೂರು ಕುಟುಂಬಗಳಿಂದ ಐನೂರು ಆಯಿತು. ಯಾರ ಮನೆಯ ಸಮಾರಂಭಕ್ಕಾದರೂ ಬಾಡಿಗೆಯಿಲ್ಲದೆ ಕೊಡಬಹುದು. ಬಡವರ ಮನೆಯ ಖರ್ಚೂ ಇಳಿಯುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೆ ಕರ್ನಾಟಕದಲ್ಲಿ 2016ರಲ್ಲೇ, ಅಂಥ ಅನೇಕ ಸಾಮಾನುಗಳಿಗೆ ದೇಶದಾದ್ಯಂತ 2022ರಲ್ಲಿ ನಿಷೇಧ ಬಂದಿದೆ. ಕಾನೂನು ಪಾಲಿಸುವುದೂ ಕ್ರೈಸ್ತನ ಕರ್ತವ್ಯ. ನವೆಂಬರ್ 2ರಂದು ಸಮಾಧಿಗಳಿಗೆ ಪ್ಲಾಸ್ಟಿಕ್ ಹೂವಿನ ಬದಲು ಹಿತ್ತಲಿನ ಹೂವು ಇಡೋಣ. ಕಳೆದ ವರ್ಷದ ಗರಿಗಳನ್ನು ಸುಟ್ಟು ವಿಭೂತಿ ಬುಧವಾರದ ಬೂದಿ ಮಾಡುವ ಧರ್ಮಸಭೆಗೆ ಮರುಬಳಕೆ ಹೊಸ ಪಾಠವೇನಲ್ಲ.

ಕಸ: ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟಾದರೂ ಹಸಿ ಕಸ. ಅದು ತಿಪ್ಪೆಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಅದೇ ಹಸಿ ಕಸ ಒಣ ಎಲೆಯೊಂದಿಗೆ ಗಾಳಿಯಾಡುವ ಗುಂಡಿಯಲ್ಲಿ ಗೊಬ್ಬರವಾದರೆ ಗಿಡಕ್ಕೆ ಆಹಾರ. ಹಿತ್ತಲಿಲ್ಲದ ಮನೆಗಳವರಿಗಾಗಿ ದೇವಾಲಯದ ಆವರಣದಲ್ಲೇ ಒಂದು ಗೊಬ್ಬರದ ಗುಂಡಿ ತೆಗೆಯಬಹುದು.

ನೆಲ: ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ. ಊರಿನಲ್ಲಿ ಗದ್ದೆಯೇ ಉಳಿಯದಿದ್ದರೆ ತೆನೆ ಎಲ್ಲಿಂದ ಬರಬೇಕು? ಬೀಳುಬಿದ್ದ ಒಂದು ಗದ್ದೆಯನ್ನಾದರೂ ಯುವಜನರೂ ಹಿರಿಯರೂ ಕೂಡಿ ಉತ್ತು ನಾಟಿ ಮಾಡಿದರೆ, ಹಬ್ಬದ ತೆನೆ ನಮ್ಮದೇ ಬೆವರಿನದಾಗುತ್ತದೆ. ಗದ್ದೆಯಲ್ಲಿ ನಿಂತ ನೀರು ಸುತ್ತಲ ಬಾವಿಗಳಿಗೆ ಇಳಿಯುತ್ತದೆ.

ದನಿ: ಇದನ್ನೇ ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಗ್ರಾಮಸಭೆಗೆ ಹೋಗಿ. ಕೆರೆಗೆ ಚರಂಡಿ ನೀರು ಸೇರುತ್ತಿದ್ದರೆ, ಗೋಮಾಳದಲ್ಲಿ ಮಣ್ಣು ತೆಗೆಯುತ್ತಿದ್ದರೆ, ಊರವರೆಲ್ಲರ ಜೊತೆ ಸಹಿ ಹಾಕಿ ಅರ್ಜಿ ಕೊಡಿ. ಒಂದು ಅರ್ಜಿಗೆ ಉತ್ತರ ಬಾರದಿದ್ದರೆ ಎರಡನೆಯದು ಕೊಡಿ. ಸಾನ್ ಫೆರ್ನಾಂಡೊದವರು ಮೂರು ಸಲ ಎದ್ದು ನಿಂತರೆಂಬುದನ್ನು ಮರೆಯಬೇಡಿ.

ಎಲ್ಲವನ್ನೂ ಒಂದೇ ವರ್ಷ ಹಿಡಿಯಬೇಕಿಲ್ಲ. ಒಂದನ್ನು ಆರಿಸಿ, ಅದಕ್ಕೆ ನಾಲ್ಕು ಜನರ ಹೊಣೆ ಗೊತ್ತುಮಾಡಿ, ಮೂರು ತಿಂಗಳಿಗೊಮ್ಮೆ ಪಾಲನಾ ಸಮಿತಿಯಲ್ಲಿ ಲೆಕ್ಕ ಒಪ್ಪಿಸಿ. ಸಸಿ ನೆಡುವ ದಿನ ಫೋಟೋಕ್ಕೆ ನಿಲ್ಲುವವರು ಬಹಳ. ಬೇಸಿಗೆಯಲ್ಲಿ ಅದಕ್ಕೆ ನೀರು ಹೊರುವವರು ಕಡಿಮೆ. ಆದ್ದರಿಂದ ನೂರು ಸಸಿ ನೆಟ್ಟು ಮರೆಯುವುದಕ್ಕಿಂತ, ಹತ್ತು ಸಸಿಗಳನ್ನು ಹತ್ತು ಕುಟುಂಬಗಳ ಹೆಸರಿಗೆ ಹಚ್ಚಿ ಮೂರು ಬೇಸಿಗೆ ದಾಟಿಸುವುದು ಲೇಸು.

ತಂದೆತಾಯಿಯರಿಗೆ ಒಂದು ಮಾತು

ಮಕ್ಕಳಿಗೆ ಇದು ಭಯದ ಪಾಠವಾಗಬಾರದು. ಲೋಕ ಮುಗಿಯಿತು ಎಂದು ಹೆದರಿಸಿದರೆ ಮಗು ಕೈಚೆಲ್ಲಿ ಕೂರುತ್ತದೆ. ಊಟಕ್ಕೆ ಮುಂಚೆ ಕೃತಜ್ಞತೆಯ ಜಪ ಹೇಳುವಾಗ, ಈ ಅನ್ನ ಬೆಳೆದವರನ್ನೂ ಮಳೆ ಕೊಟ್ಟವರನ್ನೂ ನೆನೆಯಲು ಕಲಿಸಿ. 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಲಾದ ಅಸ್ಸಿಸಿಯ ಸಂತ ಫ್ರಾನ್ಸಿಸ್‌ರವರ ಕಥೆ ಹೇಳಿ. ಕೃತಜ್ಞತೆ ಕಲಿತ ಮಗು ತಾನಾಗಿಯೇ ನಲ್ಲಿ ನಿಲ್ಲಿಸುತ್ತದೆ.

ಕುಟುಂಬದಲ್ಲಿ, ವಲಯದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನ ಕೆರೆ, ಹೊಳೆ ಅಥವಾ ಬಾವಿ ಅಜ್ಜ ಅಜ್ಜಿಯರ ಕಾಲದಲ್ಲಿ ಹೇಗಿತ್ತು? ಅದು ಬದಲಾದದ್ದು ಯಾವುದರಿಂದ?

2. ನಮ್ಮ ಮನೆಯ ಕಸ ಕೊನೆಗೆ ಯಾರ ಊರಿಗೆ, ಯಾರ ಬಾಗಿಲಿಗೆ ಹೋಗುತ್ತದೆ?

3. ಬರಲಿರುವ ಧರ್ಮಕೇಂದ್ರದ ಹಬ್ಬದಲ್ಲಿ ಯಾವ ಒಂದು ವಸ್ತುವನ್ನು ಕೈಬಿಡಲು ನಾವೆಲ್ಲ ಒಪ್ಪಬಹುದು?

4. ನಮ್ಮ ಊರಿನಲ್ಲಿ ಸೃಷ್ಟಿಗಾಗಿ ದುಡಿಯುತ್ತಿರುವ ಅನ್ಯಧರ್ಮೀಯ ನೆರೆಯವರು ಯಾರು? ಅವರನ್ನು ನಾವು ಎಂದಾದರೂ ಹೋಗಿ ಕಂಡಿದ್ದೇವೆಯೇ?

ಈ ವಾರದ ಸಂಕಲ್ಪ

ಪ್ರತಿವರ್ಷ ಸೆಪ್ಟೆಂಬರ್ 1ರಿಂದ, ಸಂತ ಫ್ರಾನ್ಸಿಸ್‌ರವರ ಹಬ್ಬವಾದ ಅಕ್ಟೋಬರ್ 4ರವರೆಗೆ ಧರ್ಮಸಭೆ ಇತರ ಕ್ರೈಸ್ತರೊಂದಿಗೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಅಷ್ಟರೊಳಗೆ ನಮ್ಮ ವಲಯದಲ್ಲಿ ಒಂದೇ ಒಂದು ಕೆಲಸವನ್ನು ಕೂಡಿ ಶುರುಮಾಡಲು ಈ ವಾರವೇ ಇಬ್ಬರು ನೆರೆಯವರೊಡನೆ ಮಾತಾಡುತ್ತೇನೆ ಎಂದು ಸಂಕಲ್ಪ ಮಾಡೋಣ.

ಪ್ರಾರ್ಥಿಸೋಣ: ಭೂಮ್ಯಾಕಾಶಗಳ ಸೃಷ್ಟಿಕರ್ತರಾದ ತಂದೆಯೇ, ನೀವು ನಮ್ಮ ಕೈಗೊಪ್ಪಿಸಿದ ತೋಟವನ್ನು ಕಾಯುವ ಶಕ್ತಿಯನ್ನು ನಮಗೆ ನೀಡಿರಿ. ಬರದಿಂದ, ನೆರೆಯಿಂದ ಬಳಲುತ್ತಿರುವವರನ್ನು ಕೈಹಿಡಿದು ನಡೆಸಿರಿ. ನಿಮ್ಮ ಸೃಷ್ಟಿಗಾಗಿ ಪ್ರಾಣಕೊಟ್ಟವರಿಗೆ ನಿತ್ಯ ವಿಶ್ರಾಂತಿ ದಯಪಾಲಿಸಿರಿ. ನಮ್ಮ ಐದು ರೊಟ್ಟಿಗಳನ್ನು ಬಚ್ಚಿಡದೆ ನಿಮ್ಮ ಪುತ್ರನ ಕೈಗೆ ಕೊಡುವ ಮನಸ್ಸನ್ನು ನಮ್ಮೆಲ್ಲರಿಗೂ ಕರುಣಿಸಿರಿ. ಆಮೆನ್.